ಹಿಪ್ಪುನೇರಳೆ ತೋಟದ ಮಣ್ಣಿನಿಂದ ಸ್ಟ್ರೆಪ್ಟೊಮೈಸಿಸ್ ಬೆಳೆಸುವುದು

ಮೊದಲ ಮಳೆಗೆ ಮಣ್ಣು ಘಮ್ ಅನ್ನುತ್ತದೆ, ಅಲ್ವಾ? ಆ ವಾಸನೆ ಕೊಡುವ ಜಿಯೋಸ್ಮಿನ್ ಅನ್ನುವ ವಸ್ತುವನ್ನು ಮಾಡುವುದು ಸ್ಟ್ರೆಪ್ಟೊಮೈಸಿಸ್ ಥರದ ಬ್ಯಾಕ್ಟೀರಿಯಾ. ನಮ್ಮ ತಾತನಿಗೆ ಟಿಬಿ ಬಂದಾಗ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೂಡ ಇದರಿಂದಲೇ ಬಂದದ್ದು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ವಿಜ್ಞಾನಿ ವ್ಯಾಕ್ಸ್‌ಮನ್ ಅವರ ಲ್ಯಾಬಿನಲ್ಲಿದ್ದ ಆಲ್ಬರ್ಟ್ ಶಾಟ್ಜ್ ಅದನ್ನು ಕಂಡುಹಿಡಿದರು. ಶಿಡ್ಲಘಟ್ಟದ ಹತ್ತಿರ ನಮ್ಮ ತೋಟದ ಕೆಮ್ಮಣ್ಣಿನಲ್ಲೂ ಈ ಜೀವಿ ಇದೆ. ಪ್ರತಿ ವರ್ಷ ನಮ್ಮ ಡಿಗ್ರಿ ಮಕ್ಕಳು ಅದನ್ನು ಬೆಳೆಸುತ್ತಾರೆ. ಇದನ್ನು ಕಾಲೇಜು ಲ್ಯಾಬಿನಲ್ಲೇ ಮಾಡಿ, ಮನೆಯಲ್ಲಿ ಬೇಡ.

ಔಷಧಿ ಹೊಡೆದು ಜಾಸ್ತಿ ದಿನ ಆಗಿರದ ಸಾಲನ್ನು ಬಿಡಿ. ಮೇಲಿನ ಕಸ ಸರಿಸಿ, ಒಂದು ಗೇಣು ಆಳದಿಂದ ಎರಡು ಚಮಚ ಮಣ್ಣು ತೆಗೆದು ಪೇಪರ್ ಕವರಿಗೆ ಹಾಕಿ. ತೋಟದ ಹೆಸರು, ತಾರೀಕು ಬರೆಯಿರಿ.

ಆಮೇಲೆ ಮಣ್ಣನ್ನು ನೆರಳಲ್ಲಿ ಒಂದು ವಾರ ಒಣಗಿಸಿ. ಇದನ್ನು ಮಾತ್ರ ಬಿಡಬೇಡಿ. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಒಣಗಿದರೆ ಸಾಯುತ್ತವೆ. ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳು (ಸ್ಪೋರ್‌ಗಳು, ಬೀಜದ ಹಾಗಿರುವ ಕಣಗಳು) ತಡೆದುಕೊಳ್ಳುತ್ತವೆ. ಒಣಗಿದ ಮಣ್ಣನ್ನು ಓವನ್ನಿನಲ್ಲಿ 55 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಇನ್ನೂ ಒಳ್ಳೆಯದು.

1 ಗ್ರಾಂ ಮಣ್ಣನ್ನು 9 ಮಿ.ಲೀ. ಸ್ಟೆರೈಲ್ (ಯಾವ ಸೂಕ್ಷ್ಮಜೀವಿಯೂ ಇಲ್ಲದ) ನೀರಿಗೆ ಹಾಕಿ ಚೆನ್ನಾಗಿ ಅಲುಗಾಡಿಸಿ. ಅದರಿಂದ 1 ಮಿ.ಲೀ. ಮುಂದಿನ 9 ಮಿ.ಲೀ. ನೀರಿಗೆ. ಹೀಗೆ ನಾಲ್ಕು ಟ್ಯೂಬ್. ಕೊನೆಯ ಎರಡರಿಂದ 0.1 ಮಿ.ಲೀ. ತೆಗೆದು ಪ್ಲೇಟಿನಲ್ಲಿರುವ ಸ್ಟಾರ್ಚ್ ಕೇಸಿನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ, ಜೆಲ್ಲಿಯಂಥ ಆಹಾರ) ಮೇಲೆ ಹರಡಿ. ಬೂಷ್ಟು ಬಾರದ ಹಾಗೆ ಅಗರಿಗೆ ನಿಸ್ಟಾಟಿನ್ ಸೇರಿಸುತ್ತೇವೆ. ಅದೂ ಒಂದು ಸ್ಟ್ರೆಪ್ಟೊಮೈಸಿಸ್‌ನಿಂದ ಬಂದ ಮದ್ದೇ. ಪ್ಲೇಟುಗಳನ್ನು ಇನ್‌ಕ್ಯುಬೇಟರಿನಲ್ಲಿ (ಒಂದೇ ಬಿಸಿ ಕಾಯುವ ಪೆಟ್ಟಿಗೆ) 28 ಡಿಗ್ರಿಯಲ್ಲಿ ಬೋರಲು ಇಡಿ.

ಈಗ ಕಾಯಬೇಕು. ಮೊದಲ ಸಲ ನಾನು ಮೂರನೇ ದಿನವೇ "ಏನೂ ಬಂದಿಲ್ಲ" ಅಂತ ಎಲ್ಲ ಪ್ಲೇಟುಗಳನ್ನೂ ಎಸೆದುಬಿಟ್ಟೆ. ಆ ಸಂಕಟ ಇವತ್ತಿಗೂ ಇದೆ. ಇದು ನಿಧಾನವಾಗಿ ಬೆಳೆಯುವ ಜೀವಿ. ಏಳರಿಂದ ಹತ್ತು ದಿನ ಬಿಡಿ.

ಸುಣ್ಣದ ಪುಡಿ ಉದುರಿಸಿದ ಹಾಗೆ ಬಿಳಿ ಅಥವಾ ಬೂದು ಬಣ್ಣದ ಗಟ್ಟಿ ಚುಕ್ಕೆಗಳು ಕಾಣುತ್ತವೆ. ಲೂಪಿನಿಂದ (ತುದಿಗೆ ಬಳೆಯಿರುವ ತಂತಿ) ತೆಗೆಯಲು ಹೋದರೆ ಸುಲಭಕ್ಕೆ ಬರುವುದಿಲ್ಲ, ಅಗರನ್ನೂ ಕಿತ್ತುಕೊಂಡು ಬರುತ್ತವೆ. ಮುಚ್ಚಳ ತೆಗೆದು ಮೂಸಬೇಡಿ. ಮುಚ್ಚಿದ್ದರೂ ಇನ್‌ಕ್ಯುಬೇಟರ್ ಬಾಗಿಲು ತೆಗೆದ ಕೂಡಲೇ ಮಳೆಯ ವಾಸನೆ ಬರುತ್ತದೆ.

ಒಂದು ಚುಕ್ಕೆಯನ್ನು ಹೊಸ ಪ್ಲೇಟಿನ ನಡುವೆ ಗೆರೆಯಾಗಿ ಎಳೆದು ಐದಾರು ದಿನ ಬೆಳೆಸಿ. ತಿನ್ನಲು ಕಡಿಮೆಯಾಗಿ ಬೀಜಕ ಕಟ್ಟುವ ಹೊತ್ತಿಗೇ ಸಾಮಾನ್ಯವಾಗಿ ಇದು ಆಂಟಿಬಯೋಟಿಕ್ ಮಾಡುತ್ತದೆ. ಎಳೆಯ ಗೆರೆಯಲ್ಲಿ ಏನೂ ಸಿಗದೇ ಹೋಗಬಹುದು. ಆಮೇಲೆ ಅದಕ್ಕೆ ಅಡ್ಡಲಾಗಿ ಬ್ಯಾಸಿಲಸ್ ಸಬ್ಟಿಲಿಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾವನ್ನು ಎಳೆಯಿರಿ. ಮಾರನೇ ದಿನ ನಡುಗೆರೆಯ ಹತ್ತಿರ ಬ್ಯಾಸಿಲಸ್ ಬೆಳೆಯದೆ ಖಾಲಿ ಬಿಟ್ಟಿದ್ದರೆ, ಅದನ್ನು ತಡೆಯುವ ವಸ್ತು ಅಗರಿನಲ್ಲಿ ಹರಡಿದೆ ಅಂತ.

ಅದು ಔಷಧಿ ಅಂತ ಮಾತ್ರ ತಿಳಿಯಬೇಡಿ. ಮನುಷ್ಯರಿಗೆ ವಿಷವೂ ಆಗಿರಬಹುದು. ಗಾಯಕ್ಕೆ ಹಚ್ಚುವುದು, ಗಿಡಕ್ಕೆ ಹೊಡೆಯುವುದು ಬೇಡವೇ ಬೇಡ. ಕೆಲಸ ಮುಗಿದ ಪ್ಲೇಟುಗಳನ್ನು ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿ, ಜೀವಿಗಳನ್ನು ಸಾಯಿಸಿ) ಎಸೆಯಿರಿ. ಖಾಲಿ ಜಾಗ ಬಿಟ್ಟ ತಳಿಯನ್ನು ಸ್ಲಾಂಟಿನಲ್ಲಿ (ಓರೆಯಾಗಿ ಹೆಪ್ಪುಗಟ್ಟಿಸಿದ ಅಗರಿನ ಟ್ಯೂಬ್) ಬೆಳೆಸಿ ಫ್ರಿಜ್ಜಿನಲ್ಲಿಡಿ, ಕವರಿನ ಮೇಲಿದ್ದ ತೋಟದ ಹೆಸರನ್ನು ಅದರ ಮೇಲೂ ಬರೆಯಿರಿ.