ಕಬ್ಬಿನ ಟ್ರೇಲರ್ ಚಕ್ರ ಅಲ್ಲಾಡ್ತಿದೆಯಾ? ಬೇರಿಂಗ್ ನೀವೇ ಬದಲಿಸಿ

ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿತು ಅಂದರೆ ಮಂಡ್ಯ ಕಡೆ ಟ್ರ್ಯಾಕ್ಟರ್‌ಗೂ ಬಿಡುವಿಲ್ಲ, ಟ್ರೇಲರ್‌ಗೂ ಬಿಡುವಿಲ್ಲ. ಚಕ್ರದ ಬೇರಿಂಗ್ ನೋಡುವುದಿದ್ದರೆ ಅದಕ್ಕೆ ಮೊದಲೇ, ಟ್ರೇಲರ್ ಮನೆ ಮುಂದೆ ಖಾಲಿ ನಿಂತಿರುವಾಗಲೇ ನೋಡಿಬಿಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ, ನಮಗೆ ಉಳಿದಿರುವುದು ಸರ್ವಿಸ್ ರಸ್ತೆ ಮತ್ತು ಊರೊಳಗಿನ ರಸ್ತೆ. ಅಲ್ಲಿ ಲೋಡ್ ಸಮೇತ ಚಕ್ರ ಕೂತರೆ ಕಬ್ಬು ಇಳಿಸಿ, ಇನ್ನೊಂದು ಟ್ರೇಲರ್ ತರಿಸಿ, ಮತ್ತೆ ತುಂಬಿಸಿ, ಹಿಂದೆ ನಿಂತವರ ಬೈಗುಳವನ್ನೂ ಕೇಳಬೇಕು.

ಬೇರಿಂಗ್ ಹೋಗುವುದು ಭಾರಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಭಾರವೂ ಕಾರಣವೇ. ಆದರೆ ಅದಕ್ಕಿಂತ ಜಾಸ್ತಿ ಕೆಡಿಸುವುದು ನೀರು. ಓಡಿ ಬಂದ ಟ್ರೇಲರನ್ನು ಸೀದಾ ನಾಲೆಗೋ ಕೆರೆಗೋ ಇಳಿಸಿ ತೊಳೆಯುತ್ತೇವೆ ಅಲ್ವಾ? ಆಗ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಬಿಸಿ ಇರುತ್ತದೆ. ತಣ್ಣೀರು ತಾಗಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲ್ (ಗ್ರೀಸ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದೋಣಿಯನ್ನು ಟ್ರೇಲರ್ ಮೇಲಿಟ್ಟು ನೀರಿಗಿಳಿಸುವವರಿಗೂ ಇದೇ ಕಾಟ. ಗ್ರೀಸ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಅಂತಲೇ ಲೆಕ್ಕ. ತೊಳೆಯುವ ಮುಂಚೆ ಹಬ್ ಆರಲು ಬಿಡಿ, ಅಷ್ಟು ಸಾಕು.

ಈಗ ಕೆಲಸಕ್ಕೆ ಬರೋಣ. ಟ್ರೇಲರ್ ಖಾಲಿ ಇರಲಿ, ನೆಲ ಗಟ್ಟಿ ಇರಲಿ. ಎರಡು ಚಕ್ರದ ಟ್ರೇಲರ್ ಆದರೆ ಟ್ರ್ಯಾಕ್ಟರ್‌ನಿಂದ ಕಳಚಬೇಡಿ, ಇಲ್ಲದಿದ್ದರೆ ಮೂತಿ ಎತ್ತಿಬಿಡುತ್ತದೆ. ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಆಚೆ ಕಡೆ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕ್ ಎತ್ತಿದ ಮೇಲೆ ಆಕ್ಸಲ್ ಕೆಳಗೆ ದಪ್ಪ ಮರದ ದಿಮ್ಮಿ ಇಡಿ. ಸಿಮೆಂಟ್ ಇಟ್ಟಿಗೆ ಬೇಡವೇ ಬೇಡ, ಅದು ಹೇಳದೆ ಕೇಳದೆ ಒಡೆಯುತ್ತದೆ. ಬರೀ ಜಾಕ್ ನಂಬಿ ಕೈ ಹಾಕುವವರನ್ನು ನೋಡಿದರೆ ನನಗೆ ಭಯ.

ಚಕ್ರ ಬಿಚ್ಚುವ ಮೊದಲು ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಒಂದೋ ನಟ್ ಸಡಿಲ, ಇಲ್ಲ ಬೇರಿಂಗ್ ಸವೆದಿದೆ. ಕೈಯಲ್ಲೇ ತಿರುಗಿಸಿ ಕಿವಿಗೊಡಿ. ಒಳಗೆ ಮರಳು ಇದ್ದ ಹಾಗೆ ಗರಗರ ಸದ್ದು ಬಂದರೆ ಅನುಮಾನವೇ ಬೇಡ, ಬದಲಿಸಿ.

ಚಕ್ರ ತೆಗೆದು, ಹಬ್ ಮುಚ್ಚಳ ತೆಗೆದು, ನಟ್ ತಿರುಗದಂತೆ ಹಿಡಿದಿರುವ ಸ್ಪ್ಲಿಟ್ ಪಿನ್ನಿನ ಕಾಲು ನೆಟ್ಟಗೆ ಮಾಡಿ ಎಳೆಯಿರಿ. ನಟ್ ಬಿಚ್ಚಿ, ವಾಷರ್ ತೆಗೆದರೆ ಹೊರಗಿನ ಸಣ್ಣ ಬೇರಿಂಗ್ ಕೈಗೆ ಬರುತ್ತದೆ. ಹಬ್ಬನ್ನು ನಿಧಾನ ಎಳೆದುಕೊಳ್ಳಿ, ಒಳಗಿನ ದೊಡ್ಡ ಬೇರಿಂಗ್ ಮತ್ತು ಆಯಿಲ್ ಸೀಲ್ ಅದರ ಜೊತೆಗೇ ಬರುವುದು ಜಾಸ್ತಿ. ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ರೋಲರ್ ಮೇಲೆ ನೀಲಿ ಛಾಯೆ ಇದ್ದರೆ ಸುಟ್ಟಿದೆ, ಸಣ್ಣ ಗುಳಿ ಇದ್ದರೆ ಸಿಡಿಯುತ್ತಿದೆ, ತುಕ್ಕಿನ ಗೆರೆ ಇದ್ದರೆ ನೀರು ಕುಡಿದಿದೆ. ಮೂರರಲ್ಲಿ ಒಂದಿದ್ದರೂ ಹೊಸದೇ ಹಾಕಿ. ಇನ್ನೊಂದು ಮಾತು: ತೊಳೆದ ಬೇರಿಂಗನ್ನು ಪಂಕ್ಚರ್ ಅಂಗಡಿಯ ಗಾಳಿ ಹೊಡೆದು ಗಿರಗಿರ ತಿರುಗಿಸುವ ಚಟ ಕೆಲವರಿಗಿದೆ. ಎಣ್ಣೆ ಇಲ್ಲದೆ ಆ ವೇಗದಲ್ಲಿ ತಿರುಗಿದರೆ ಅದು ಚೂರಾಗಿ ಮುಖಕ್ಕೆ ಸಿಡಿಯಬಹುದು.

ಅಂಗಡಿಗೆ ಹಳೆಯ ಬೇರಿಂಗನ್ನೇ ತೆಗೆದುಕೊಂಡು ಹೋಗಿ. ‘ಅಣ್ಣ, ಟ್ರೇಲರ್ ಬೇರಿಂಗ್ ಕೊಡಿ’ ಅಂದರೆ ಅವರು ಅಂದಾಜಿನ ಮೇಲೆ ಒಂದು ಕೊಡುತ್ತಾರೆ. ಹಳೆಯ ಬೇರಿಂಗಿನ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ. ಐದಂಕಿಯ ಈ ನಂಬರಿನಲ್ಲಿ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳತೂತಿನ ಅಳತೆ ಸಿಗುತ್ತದೆ. 30210 ಅಂದರೆ 50 ಮಿ.ಮೀ. ಆದರೆ 32210 ಕೂಡ ಒಳಗೆ 50, ಹೊರಗೆ 90 ಮಿ.ಮೀ.ಯೇ! ವ್ಯತ್ಯಾಸ ಇರುವುದು ದಪ್ಪದಲ್ಲಿ, ಒಂದು 21.75, ಇನ್ನೊಂದು 24.75. ಎರಡೂ ಕೈಗೆ ಸಲೀಸಾಗಿ ಕೂರುತ್ತವೆ, ನಟ್ ಹಾಕುವಾಗಷ್ಟೇ ಪಿನ್ನಿನ ತೂತು ಸಿಗದೆ ತಲೆ ಕೆಟ್ಟುಹೋಗುತ್ತದೆ. ಹಾಗಾಗಿ ಐದಂಕಿಯನ್ನೂ ಓದಿ. ಡೂಪ್ಲಿಕೇಟ್ ಜಾಸ್ತಿ, ಬಿಲ್ ಕೇಳಿ ಪಡೆಯಿರಿ. ಆಯಿಲ್ ಸೀಲ್ ಮತ್ತು ಸ್ಪ್ಲಿಟ್ ಪಿನ್ ಕೂಡ ಹೊಸದು ಬೇಕು. ಅಲ್ಲಿ ಪುಡಿಗಾಸು ಉಳಿಸಿ ಬೇರಿಂಗಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಹಳೆಯ ಕಪ್ (ಹಬ್ಬಿಗೆ ಬಿಗಿಯಾಗಿ ಕೂತಿರುವ ಬೇರಿಂಗಿನ ಹೊರಬಳೆ) ಹಬ್ಬಿನಲ್ಲೇ ಬಿಟ್ಟು, ರೋಲರ್ ಇರುವ ಒಳಗಿನ ಕೋನ್ ಮಾತ್ರ ಬದಲಿಸುವವರಿದ್ದಾರೆ. ಹಾಗೆ ಮಾಡಬೇಡಿ, ಹಳೆಯ ಕಪ್ಪಿನ ಗುಳಿ ಹೊಸ ರೋಲರನ್ನು ತಿಂದುಹಾಕುತ್ತದೆ. ಹಿತ್ತಾಳೆ ರಾಡಿನಿಂದ ಒಂದೇಟು ಈ ಕಡೆ, ಒಂದೇಟು ಆ ಕಡೆ ಹಾಕುತ್ತಾ ಕಪ್ ಹೊರಗೆ ತಳ್ಳಿ. ಹೊಸ ಕಪ್ಪನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟಿದ್ದರೆ ಸ್ವಲ್ಪ ಕುಗ್ಗಿ ಸುಲಭವಾಗಿ ಇಳಿಯುತ್ತದೆ (ಮನೆಯವರಿಗೆ ಮೊದಲೇ ಹೇಳಿ). ಅದು ತಳ ಮುಟ್ಟಿದಾಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ, ಟೊಳ್ಳು ಸದ್ದು ಹೋಗಿ ಗಟ್ಟಿ ಠಣ್ ಬರುತ್ತದೆ. ಅಲ್ಲಿಗೆ ನಿಲ್ಲಿಸಿ.

ಆಕ್ಸಲ್ ತುದಿಯನ್ನೂ ಒರೆಸಿ ಉಗುರಲ್ಲಿ ಸವರಿ ನೋಡಿ. ಬೇರಿಂಗ್ ಕೂರುವ ಜಾಗದಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಲೇತ್ ಕೆಲಸವೇ ಆಗಬೇಕು. ಪಂಚ್ ಹೊಡೆದು ಉಬ್ಬಿಸಿ ಕೂರಿಸುವುದು ನಾಲ್ಕು ದಿನದ ಬಾಳು.

ಗ್ರೀಸ್ ಲಿಥಿಯಂದೇ ಇರಲಿ, ಹಳೆಯದರ ಜೊತೆ ಬೆರೆಸಬೇಡಿ. ಅಂಗೈ ಮೇಲೆ ಗ್ರೀಸ್ ಹಾಕಿಕೊಂಡು, ಬೇರಿಂಗಿನ ಅಗಲ ಬದಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ, ರೋಲರ್ ಸಂದಿಯಿಂದ ಆಚೆ ಬದಿಗೆ ಹುಳುವಿನಂತೆ ಹೊರಬರುವ ತನಕ. ಸುತ್ತಲೂ ಹೀಗೆ ಮಾಡಿ. ಹಬ್ಬಿನ ಒಳಗೆ ಮಾತ್ರ ತುಂಬಾ ತುರುಕಬೇಡಿ, ಅರ್ಧದೊಳಗೇ ಇರಲಿ, ಜಾಸ್ತಿಯಾದರೆ ಬಿಸಿಯಾಗಿ ಸೀಲ್ ತಳ್ಳಿಕೊಂಡು ಬರುತ್ತದೆ. ಬ್ರೇಕ್ ಇರುವ ಟ್ರೇಲರ್ ಆದರೆ ಲೈನರ್‌ಗೆ ಗ್ರೀಸ್ ತಾಗದಂತೆ ನೋಡಿ. ದೊಡ್ಡ ಬೇರಿಂಗ್ ಕೂರಿಸಿ, ಸೀಲಿನ ಸ್ಪ್ರಿಂಗ್ ಇರುವ ಬದಿ ಒಳಗೆ ಬರುವಂತೆ ಇಟ್ಟು, ಮೇಲೊಂದು ಹಲಗೆ ಇಟ್ಟು ಮೆಲ್ಲಗೆ ತಟ್ಟಿ.

ಉಳಿದಿದ್ದು ನಟ್. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ, ಶಕ್ತಿಯೆಲ್ಲ ಹಾಕಿ ಬಿಗಿದುಬಿಡುತ್ತಾರೆ. ಹಬ್ಬನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡಿ. ತಿರುಗಲು ಸ್ವಲ್ಪ ಭಾರ ಅನಿಸಿದಾಗ ನಿಲ್ಲಿಸಿ, ಪೂರ್ತಿ ಸಡಿಲಿಸಿ, ಮತ್ತೆ ಬರೀ ಬೆರಳಲ್ಲಿ ಬಿಗಿ ಮಾಡಿ. ಪಿನ್ನಿನ ತೂತು ಎದುರಾಗದಿದ್ದರೆ ನಟ್‌ನ ಮುಂದಿನ ಸಂದಿ ಸಿಗುವಷ್ಟು ಸಡಿಲಿಸಿ, ಬಿಗಿಯುವ ಕಡೆ ಹೋಗಬೇಡಿ. ಕೈಗೆ ಸಿಕ್ಕೂ ಸಿಗದಷ್ಟು ಆಟ ಇದ್ದರೆ ಅದೇ ಸರಿ. ಹೊಸ ಪಿನ್ ಹಾಕಿ ಕಾಲು ಮಡಚಿ. ಮೊಳೆ, ತಂತಿ ಎಲ್ಲ ಬೇಡ.

ಚಕ್ರ ಹಾಕಿ ಎದುರುಬದುರು ನಟ್‌ಗಳನ್ನು ಬಿಗಿ ಮಾಡಿ, ಖಾಲಿ ಟ್ರೇಲರನ್ನೇ ಊರಾಚೆ ಒಂದು ಸುತ್ತು ಓಡಿಸಿ ಬನ್ನಿ. ಇಳಿದು ಎರಡೂ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ನಟ್ ಬಿಗಿಯಾಗಿದೆ, ಪಿನ್ ತೆಗೆದು ಒಂದು ಸಂದಿ ಸಡಿಲಿಸಿ. ಮೊದಲ ಲೋಡ್ ಇಳಿಸಿ ಬಂದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಟೈರ್ ಹಿಡಿದು ಮತ್ತೆ ಅಲ್ಲಾಡಿಸಿ ನೋಡಿ.