ಮಲಗಿದ್ದ ಗ್ರಾಫಿಕ್ಸ್ ಕಾರ್ಡ್

2022ರ ದೀಪಾವಳಿ ಬೋನಸ್ ಬಂದ ಮರು ಶನಿವಾರವೇ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಆರ್‌ಟಿಎಕ್ಸ್ 3060 ತಂದೆ, ಆಟದ ಚಿತ್ರ ಬಿಡಿಸಿ ತೆರೆಗೆ ಕೊಡುವ ಗ್ರಾಫಿಕ್ಸ್ ಕಾರ್ಡ್. 29,500 ರೂಪಾಯಿ. ಹಿಂದಿನ ವರ್ಷ ಇಂಥ ಕಾರ್ಡುಗಳಿಂದ ಕ್ರಿಪ್ಟೊ ನಾಣ್ಯ ಗಳಿಸುವ, ಅಂದರೆ ಮೈನಿಂಗ್ ಮಾಡುವವರ ಹಾವಳಿಯಲ್ಲಿ ಕಾರ್ಡುಗಳ ರೇಟು ಕೇಳಿಯೇ ವಾಪಸಾಗುತ್ತಿದ್ದೆ. ಆ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ನಾಣ್ಯದ ಮೈನಿಂಗ್ ನಿಂತುಹೋಗಿ ಬೆಲೆ ಇಳಿದಿತ್ತು. ಕಾರ್ಡ್ ಹಾಕಿ, ಡ್ರೈವರ್ ಹಾಕಿ, ಎರಡು ವರ್ಷದಿಂದ ಕಟ್ಟುತ್ತಿದ್ದ ನನ್ನ ಊರನ್ನು ತೆರೆದೆ. ಆಟ ಸಿಟೀಸ್: ಸ್ಕೈಲೈನ್ಸ್, ಊರಿನ ಜನಸಂಖ್ಯೆ ಎರಡು ಲಕ್ಷದ ಮೇಲೆ. ಹಳೆಯ ಜಿಟಿಎಕ್ಸ್ 1650ರಲ್ಲಿ ಸೆಕೆಂಡಿಗೆ 17 ಫ್ರೇಮ್, ಅಂದರೆ 17 ಚಿತ್ರ, ಬರುತ್ತಿತ್ತು. ಹೊಸದರಲ್ಲಿ 19 ಬಂತು.

ಮೊದಲು ಡ್ರೈವರ್ ಮೇಲೆ ಅನುಮಾನ, ಆಮೇಲೆ ಅಂಗಡಿಯವನ ಮೇಲೆ. ಇಬ್ಬರದೂ ತಪ್ಪಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಕಾರ್ಡ್ ಶೇಕಡಾ ಮೂವತ್ತರಷ್ಟು ಕೆಲಸ ಮಾಡಿ ಉಳಿದ ಹೊತ್ತು ಮಲಗಿತ್ತು. ಲೆಕ್ಕ ಮಾಡುವ ಪ್ರೊಸೆಸರ್ ಕೂಡ ನಲವತ್ತು ಅಂತಲೇ ತೋರಿಸುತ್ತಿತ್ತು, ಅಲ್ಲೇ ನಾನು ಮೋಸಹೋದದ್ದು. ಆ ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಪ್ರೊಸೆಸರ್ ಒಳಗಿನ ಲೆಕ್ಕದ ಘಟಕಗಳಾದ ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಒಂದು ಮಾತ್ರ ಮೇಲಿನ ಗೆರೆಗೆ ಅಂಟಿಕೊಂಡಿತ್ತು. ಮದುವೆ ಮನೆಯಲ್ಲಿ ಬಡಿಸುವವರು ಹತ್ತು ಜನ ಸೊಂಟ ಕಟ್ಟಿ ನಿಂತಿದ್ದು, ಒಳಗೆ ಅಡುಗೆ ಭಟ್ಟರು ಒಬ್ಬರೇ ಇದ್ದ ಹಾಗೆ. ನಾನು ದುಡ್ಡು ಸುರಿದದ್ದು ಬಡಿಸುವವರ ಮೇಲೆ. ಖಾತ್ರಿಗಾಗಿ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದೆ. ಆಗಲೂ 19. ಚಿತ್ರ ಚಿಕ್ಕದಾದರೂ ಫ್ರೇಮ್ ಏರದಿದ್ದರೆ ತೊಡಕು ಕಾರ್ಡಿನಲ್ಲಿಲ್ಲ. ಈ ಪರೀಕ್ಷೆಗೆ ಒಂದು ಪೈಸೆ ಬೇಡ, ಕಾರ್ಡ್ ಕೊಳ್ಳುವ ಮೊದಲೇ ಮಾಡಬಹುದಿತ್ತು.

ಊರು ಕಟ್ಟುವ ಆಟದಲ್ಲಿ ತೆರೆಯ ಮೇಲೆ ಕಾಣುವುದು ಸ್ವಲ್ಪ, ಒಳಗೆ ನಡೆಯುವುದು ಬಹಳ. ಈ ಆಟದಲ್ಲಿ ಒಮ್ಮೆಗೆ 16,384 ವಾಹನ, ಓಡಾಡುವ 65,536 ಮಂದಿಯವರೆಗೆ ಲೆಕ್ಕ ಇಡಬೇಕು. ಯಾರು ಯಾವ ರಸ್ತೆ ಹಿಡಿದರು, ಎಲ್ಲಿ ಸಿಗ್ನಲ್‌ಗೆ ನಿಂತರು, ಎಲ್ಲ ಪ್ರೊಸೆಸರ್‌ನ ಕೆಲಸ. ಅದರ ಮೇಲೆ ಆಟಗಾರರೇ ಮಾಡಿದ್ದನ್ನು ಹಂಚಿಕೊಳ್ಳುವ ಸ್ಟೀಮ್ ವರ್ಕ್‌ಶಾಪಿನಿಂದ ಇಳಿಸಿಕೊಂಡ ಸಾವಿರಾರು ಕಟ್ಟಡಗಳು ರ‍್ಯಾಮ್ ನುಂಗುತ್ತವೆ. ಆ ವರ್ಷ 16 ಜಿಬಿಯನ್ನು 32 ಮಾಡಿದೆ. ಆಟ ಮಧ್ಯೆ ಮಧ್ಯೆ ಸಿಕ್ಕಿಹಾಕಿಕೊಳ್ಳುವುದು ನಿಂತಿತು. ನಿಜವಾದ ಮದ್ದು ಸಿಕ್ಕಿದ್ದು 2024ರಲ್ಲಿ, ರೈಜನ್ 7 5700ಎಕ್ಸ್3ಡಿ ಪ್ರೊಸೆಸರ್ ಬಂದಾಗ. ಅದರಲ್ಲಿ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, 96 ಎಂಬಿ, ನನ್ನ ರೈಜನ್ 5 3600ರಲ್ಲಿದ್ದದ್ದು 32. ಲೆಕ್ಕದ ಸಾಮಾನು ಕೈಗೆಟುಕುವಲ್ಲೇ ಇದ್ದರೆ ಪ್ರೊಸೆಸರ್ ಪದೇ ಪದೇ ರ‍್ಯಾಮ್‌ನ ಉಗ್ರಾಣಕ್ಕೆ ಓಡಬೇಕಿಲ್ಲ. ಹಳೆಯ ಬಿ450 ಮದರ್‌ಬೋರ್ಡಿಗೆ ಬಯಾಸ್ ಅಪ್‌ಡೇಟ್ ಮಾಡಿ ಕೂರಿಸಿದೆ. ಅದೇ ಊರು, ಅದೇ ಕಾರ್ಡ್, 34 ಫ್ರೇಮ್. 3060ಯ ದುಡ್ಡು ದಂಡವಾಯಿತು ಅನ್ನಲಾರೆ; ಸೈಬರ್‌ಪಂಕ್ 2077 ಹಾಕಿದ ದಿನ ಅದರ ಫ್ಯಾನ್ ಮೊದಲ ಸಲ ಸದ್ದು ಮಾಡಿತು. ಕಥೆಯ ದೊಡ್ಡ ಆಟಗಳಿಗೆ ಕಾರ್ಡೇ ದೇವರು. ನಾನು ಮಾತ್ರ ವರ್ಷಕ್ಕೆ ಅಂಥದ್ದು ಒಂದೋ ಎರಡೋ ಆಡುವವನು.

ದಾವಣಗೆರೆಯಲ್ಲಿರುವ ತಮ್ಮನದು ಬೇರೆಯೇ ಲೋಕ. ಅವನಿಗೆ ಆನ್‌ಲೈನಿನಲ್ಲಿ ಐವರ ತಂಡ ಕಟ್ಟಿ ಗುಂಡು ಹಾರಿಸುವ ವ್ಯಾಲರಂಟ್ ಬಿಟ್ಟರೆ ಬೇರೆ ಆಟವಿಲ್ಲ. ನನ್ನ 1650 ಅವನ ಕೋರ್ ಐ3 ಮೆಷಿನ್ನಿಗೆ ಹೋಯಿತು. ಆ ಆಟಕ್ಕೆ ಅಷ್ಟು ಧಾರಾಳ, ಸೆಕೆಂಡಿಗೆ 150 ದಾಟುತ್ತದೆ. ಅದೂ ಸೆಟ್ಟಿಂಗ್ ಎಲ್ಲ ಬೇಕೆಂದೇ ಕೆಳಗಿಟ್ಟು. ನೆರಳು, ಹೊಳಪು ಕಮ್ಮಿಯಾದಷ್ಟೂ ಎದುರಾಳಿ ಬೇಗ ಕಣ್ಣಿಗೆ ಬೀಳುತ್ತಾನಂತೆ. ಅವನ ದುಡ್ಡೆಲ್ಲ ಹೋಗುವುದು ಡಬ್ಬದ ಹೊರಗೆ: 144 ಹರ್ಟ್ಜ್ ಮಾನಿಟರ್, ಹಗುರ ಮೌಸ್, ಅರ್ಧ ಟೇಬಲ್ ಮುಚ್ಚುವ ಮೌಸ್ ಪ್ಯಾಡ್. 60 ಹರ್ಟ್ಜ್‌ನಲ್ಲಿ ಚಿತ್ರ ಬದಲಾಗಲು 16.7 ಮಿಲಿಸೆಕೆಂಡ್ ಬೇಕು, 144ರಲ್ಲಿ ಏಳಕ್ಕೂ ಕಮ್ಮಿ.

"ಅಣ್ಣ, ರಾತ್ರಿ ಹಗಲಿನ ವ್ಯತ್ಯಾಸ ಐತಿ" ಅಂತ ಮಾನಿಟರ್ ಬಂದ ದಿನವೇ ಫೋನ್ ಮಾಡಿದ್ದ. ಮೂರು ವಾರದ ಮೇಲೆ ನಾನು ಊರಿಗೆ ಹೋಗಿ ನೋಡಿದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ಇನ್ನೂ 60ರಲ್ಲೇ ಇತ್ತು. ಅದನ್ನು 144ಕ್ಕೆ ಬದಲಿಸಿ ನಾನೇನೂ ಹೇಳಲಿಲ್ಲ. ಅವನೂ ಏನೂ ಹೇಳಲಿಲ್ಲ.

ಅವನಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎರಡು: ರೂಟರ್‌ನಿಂದ ಟೇಬಲ್‌ವರೆಗೆ ಎಳೆದ ಲ್ಯಾನ್ ಕೇಬಲ್ ಮತ್ತು ಯುಪಿಎಸ್. ನನ್ನ ಆಟದಲ್ಲಿ ಕರೆಂಟ್ ಹೋದರೆ ಹತ್ತು ನಿಮಿಷದ ಕೆಲಸ ಹೋಗುತ್ತದೆ, ಆಟೋಸೇವ್ ಇದೆ. ಅವನು ರ‍್ಯಾಂಕ್ ಮ್ಯಾಚಿನ ನಡುವೆ ಮಾಯವಾದರೆ ಜೊತೆಯ ನಾಲ್ವರ ಬೈಗುಳ, ಮೇಲೆ ದಂಡ. ಪಿಸಿಗೆ ಯುಪಿಎಸ್ ತಂದು ರೂಟರ್‌ಗೆ ಮರೆತಿದ್ದೆವು, ಅದಕ್ಕೊಂದು 12 ವೋಲ್ಟಿನ ಚಿಕ್ಕದು ಬೇರೆ ತರಬೇಕಾಯಿತು. ಆಟ ಪುಕ್ಕಟೆ ಅಂತ ಅಪ್ಪ ನಂಬಿದ್ದರು. ಆಟದೊಳಗಿನ ಕತ್ತಿಗೆ ಹೊಸ ಅಂದ ಕೊಡುವ ಸ್ಕಿನ್ ಒಂದಕ್ಕೆ ತಮ್ಮ ಮೂರು ಸಾವಿರ ಕೊಟ್ಟದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಾನೂ ಮೇಲಿನವನಲ್ಲ ಬಿಡಿ, ನನ್ನ ಊರಿಗೆ ವಿಮಾನ ನಿಲ್ದಾಣ, ಪಾರ್ಕು ಅಂತ ಬೇರೆ ದುಡ್ಡಿಗೆ ಸಿಗುವ ಸೇರ್ಪಡೆಗಳಿಗೆ, ಅಂದರೆ ಡಿಎಲ್‌ಸಿಗಳಿಗೆ, ಕೊಟ್ಟದ್ದು ಆಟದ ಅಸಲು ಬೆಲೆಯ ಎಷ್ಟೋ ಪಟ್ಟು.

ಇನ್ನು ಭಾವ. ಪಿಯು ಕಾಲೇಜಿನಲ್ಲಿ ಪಾಠ ಮಾಡುವವರು, ನಲವತ್ತಾರು ವರ್ಷ, ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2 ಒಂದೇ. 2012ರ ಆಟ, ಸೇಲ್‌ನಲ್ಲಿ ಇನ್ನೂರು ರೂಪಾಯಿ ಒಳಗೆ ಸಿಕ್ಕಿತು. ನನ್ನ ಹಳೆಯ 3600ಕ್ಕೆ ಸೆಕೆಂಡ್ ಹ್ಯಾಂಡ್ ಬೋರ್ಡ್, ಮೈನಿಂಗ್‌ನಿಂದ ಬಿಡುಗಡೆಯಾದ ಆರ್‌ಎಕ್ಸ್ 580 ಕಾರ್ಡ್ ಸೇರಿಸಿ ಕಮ್ಮಿ ಖರ್ಚಿನಲ್ಲಿ ಮೆಷಿನ್ ಜೋಡಿಸಿಕೊಟ್ಟೆ. ಆಮೇಲೆ ಅವರು ಆ ಕಾರ್ಡಿನ ನಾಲ್ಕು ಪಟ್ಟು ಕೊಟ್ಟು ಲಾಜಿಟೆಕ್ ಜಿ29 ಸ್ಟಿಯರಿಂಗ್ ತರಿಸಿದರು, ಗೇರ್ ಸ್ಟಿಕ್ಕಿಗೆ ಬೇರೆ ದುಡ್ಡು. ನಾನು ಬೇಡ ಅಂದಿದ್ದೆ. ಕೂತು ಒಂದು ರೌಂಡ್ ಹೊಡೆದ ಮೇಲೆ ಬಾಯಿ ಮುಚ್ಚಿಕೊಂಡೆ. ಟ್ರಕ್ಕಿನ ಆಟದಲ್ಲಿ ಕಣ್ಣಿಗಿಂತ ಕೈಕಾಲಿನದೇ ಸುಖ.

ಯೂರೋಪಿನ ಹೆಚ್ಚಿನ ದೇಶಗಳಲ್ಲಿ ಬಲಗಡೆ ಓಡಿಸುವುದು ಅವರಿಗೆ ಆಗಲಿಲ್ಲ. ಇಂಗ್ಲೆಂಡಿನಲ್ಲಿ ಡಿಪೊ ಹಾಕಿಸಿದೆ, ನಮ್ಮ ಹಾಗೇ ಎಡಗಡೆ. ತೊಂದರೆ ಬಂದದ್ದು ಕುರ್ಚಿಯಿಂದ.

"ಬ್ರೇಕ್ ಒತ್ತಿದ್ರೆ ಲಾರಿ ನಿಲ್ತೈತಿ, ನಾನು ಹಿಂದಕ್ ಓಡ್ತೀನಲ್ಲೋ!"

ಗಾಲಿ ಕುರ್ಚಿ. ಪೆಡಲ್ ಕೂಡ ಟೈಲ್ಸ್ ಮೇಲೆ ಜಾರುತ್ತಿತ್ತು, ಊಟದ ಟೇಬಲ್ಲಿಗೆ ಸ್ಟಿಯರಿಂಗ್ ಬಿಗಿದದ್ದಕ್ಕೆ ಅಕ್ಕನ ಜೊತೆ ಬೇರೆ ಜಗಳ. ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದಿಂಚು ಚೌಕ ಪೈಪಿನ ಸ್ಟ್ಯಾಂಡ್ ಮಾಡಿಸಿದರು, 1,800 ರೂಪಾಯಿ. ಸ್ಟಿಯರಿಂಗ್, ಪೆಡಲ್ ಎರಡೂ ಅದಕ್ಕೇ ಬೋಲ್ಟ್. ಮೂರು ಮೆಷಿನ್ನಿಗೆ ಇಲ್ಲಿಯವರೆಗೆ ಮಾಡಿದ ಖರ್ಚಿನಲ್ಲಿ ಒಂದು ರೂಪಾಯಿಯೂ ವ್ಯರ್ಥವಾಗದ್ದು ಅದೊಂದೇ.

ಕುರ್ಚಿಗೆ ಅಕ್ಕನೇ ದಾರಿ ತೋರಿಸಿದಳು. ಐದು ಗಾಲಿ, ಐದು ಹಳೆಯ ಹವಾಯಿ ಚಪ್ಪಲಿ, ಗಾಲಿಗೊಂದರಂತೆ ದಾರದಲ್ಲಿ ಕಟ್ಟಿದ್ದಾಳೆ. ಈಗ ಭಾವ ಮ್ಯಾಂಚೆಸ್ಟರ್‌ನಿಂದ ಲಂಡನ್‌ಗೆ ಹೋಗುವಾಗ ಕುರ್ಚಿ ಜಾಗ ಬಿಟ್ಟು ಕದಲುವುದಿಲ್ಲ.