ಪರದೆಯ ಮುಂದೆ ನಿಲ್ಲುವ ಮೊದಲು: ಫೋಟೋ-ಪರ್ಫಾರ್ಮೆನ್ಸ್ ಕಟ್ಟುವ ಬಗೆ

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. 1990ರ ದಶಕದಲ್ಲಿ ಅವರು ಮಣ್ಣು ಬಿಟ್ಟು ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000–2004ರಲ್ಲಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಅವರೇ, ಬೆಳದಿಂಗಳಲ್ಲಿ ಕೂತ ಹೆಂಗಸೂ ಅವರೇ. ನೋಡಿಸಿಕೊಳ್ಳುವವಳೇ ಚೌಕಟ್ಟನ್ನೂ ನಿರ್ಧರಿಸುತ್ತಾಳೆ. ಸ್ತ್ರೀವಾದಿ ಕಲೆಗೆ ಈ ದಾರಿ ಇಷ್ಟು ಮುಖ್ಯವಾದದ್ದು ಅದಕ್ಕೇ. ಹೀಗೆ ತಾನೇ ವೇಷ ಹಾಕಿ ಹಳೆಯ ಚಿತ್ರವೊಂದನ್ನು ಕ್ಯಾಮೆರಾ ಮುಂದೆ ಮರುಸೃಷ್ಟಿಸುವುದೇ ಫೋಟೋ-ಪರ್ಫಾರ್ಮೆನ್ಸ್. ಅದನ್ನು ಮಾಡಲು ಹೊರಟವರಿಗೆ ಬೇಕಾದ ಕೆಲಸದ ವಿವರ ಇಲ್ಲಿದೆ.

ಮೊದಲು ಮೂಲಚಿತ್ರ. ಅದನ್ನು ಯಾರು ಮಾಡಿದರು, ಯಾರಿಗಾಗಿ ಮಾಡಿದರು, ಅದು ಯಾರ ಮನೆಯ ಗೋಡೆ ಸೇರಿತು ಎಂದು ತಿಳಿಯದೆ ಸೀರೆ ಕೊಳ್ಳಲು ಹೋಗಬೇಡಿ. ಹಕ್ಕಿನ ವಿಚಾರವನ್ನೂ ಆಗಲೇ ನೋಡಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಚಿತ್ರಕಲೆಯ ಹಕ್ಕು ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅವನ ಚಿತ್ರಗಳಿಗೆ ತೊಡಕಿಲ್ಲ. ಸಿನಿಮಾದ ದೃಶ್ಯವಾದರೆ ಬಿಡುಗಡೆಯಿಂದ 60 ವರ್ಷ ಲೆಕ್ಕ ಹಾಕಿ.

ಆಮೇಲೆ ಹಿಂದೆ ತೂಗುವ, ಚಿತ್ರ ಬರೆದ ಪರದೆ. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ, ಅದೂ ಅಳತೆಯಲ್ಲಿ. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾ, 50 ಎಂಎಂ ಲೆನ್ಸ್, ನಿಂತ ಆಳು, ಎತ್ತರಕ್ಕೆ ನಿಲ್ಲಿಸಿದ ಚೌಕಟ್ಟು ಎಂದಿಟ್ಟುಕೊಳ್ಳಿ. ಆಳು ಕ್ಯಾಮೆರಾದಿಂದ 13 ಅಡಿ ದೂರ ಇರಲಿ, ಪರದೆ ಆಳಿನಿಂದ 6 ಅಡಿ ಹಿಂದೆ ಇರಲಿ. 6 ಅಡಿಗಿಂತ ಹತ್ತಿರವಾದರೆ ನೆರಳು ಪರದೆಯ ಮೇಲೆ ಬಿದ್ದು ಬರೆದ ಆಕಾಶ ಗೋಡೆಯಾಗಿಬಿಡುತ್ತದೆ. 19 ಅಡಿ ದೂರದಲ್ಲಿ ಲೆನ್ಸಿಗೆ ಕಾಣುವ ಅಗಲ ಸುಮಾರು 9 ಅಡಿ. ಕ್ಯಾಮೆರಾ 4 ಅಡಿ ಎತ್ತರದಲ್ಲಿದ್ದರೆ ಪರದೆ ನೆಲದಿಂದ ಸುಮಾರು 11 ಅಡಿ ಏರಬೇಕು. 10 ಅಡಿ ಸೂರಿನ ಮನೆಯಲ್ಲಿ ಇದು ಆಗದ ಮಾತು. 85 ಎಂಎಂ ಹಾಕಿ ಕ್ಯಾಮೆರಾವನ್ನು ಆಳಿನಿಂದ 22 ಅಡಿ ದೂರಕ್ಕೆ ಸರಿಸಿದರೆ ಆಳು ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಪರದೆಗೆ 8 ಅಡಿ ಅಗಲ, 10 ಅಡಿ ಎತ್ತರ ಸಾಕು. ಆದರೆ 28 ಅಡಿಗೂ ಮೀರಿದ ಉದ್ದದ ಹಾಲ್ ಬೇಕು. ಯಾವುದೇ ಲೆಕ್ಕವಾದರೂ ಸುತ್ತ ಒಂದು ಅಡಿ ಹೆಚ್ಚು ಬಿಡಿ.

ದಪ್ಪ ಹತ್ತಿ ಬಟ್ಟೆಗೆ ತೆಳ್ಳಗೆ ಪ್ರೈಮರ್ ಬಳಿದು, ಹೊಳಪಿಲ್ಲದ ನೀರು-ಬಣ್ಣದಲ್ಲಿ ಬರೆಸಿ. ಪ್ರೈಮರ್ ದಪ್ಪವಾದರೆ ಸುತ್ತಿದಾಗ ಬಿರಿಯುತ್ತದೆ. ಎನಾಮೆಲ್ ಆದರೆ ಫ್ಲಾಶ್ ಬಿದ್ದಲ್ಲೆಲ್ಲ ಬಿಳಿ ಚುಕ್ಕೆ. ಸಿನಿಮಾ ಹೋರ್ಡಿಂಗ್ ಅಥವಾ ನಾಟಕದ ಪರದೆ ಬರೆದು ಪಳಗಿದವರು ಸಿಕ್ಕರೆ ಅವರಿಗೇ ಕೊಡಿ. ದೂರದಿಂದ ನೋಡುವ ಕಣ್ಣಿಗೆ ಬರೆಯುವುದು ಅವರಿಗೆ ಗೊತ್ತು. ಪರದೆ ಬರೆದದ್ದೆಂದು ತಿಳಿದರೆ ತಪ್ಪಿಲ್ಲ, ತಿಳಿಯಲೇಬೇಕು. ಆದರೆ ಬರೆದ ಬೆಳಕು ಎಡದಿಂದ ಬರುತ್ತಿದ್ದು ನಿಮ್ಮ ದೀಪ ಬಲಕ್ಕಿದ್ದರೆ ಅದು ಬೇಕೆಂದೇ ತೋರಿಸಿದ ಕೃತಕತೆಯಾಗುವುದಿಲ್ಲ, ಬರೀ ತಪ್ಪಾಗುತ್ತದೆ.

ಜನರನ್ನು ಅಳೆದ ವಸಾಹತು ಕಾಲದ ಫೋಟೋ ಮರುಸೃಷ್ಟಿಸುವುದಾದರೆ ಅಳತೆಯಲ್ಲಿ ರಾಜಿ ಬೇಡ. 1869ರಲ್ಲಿ ಲಂಡನ್ನಿನ ಎಥ್ನಾಲಜಿಕಲ್ ಸೊಸೈಟಿಯ ಲ್ಯಾಂಪ್ರೆ ಮನುಷ್ಯರ ಮೈ ಅಳೆಯಲೆಂದು ವಿವರಿಸಿದ್ದು 7 ಅಡಿ ಎತ್ತರ, 3 ಅಡಿ ಅಗಲದ ಮರದ ಚೌಕಟ್ಟು, ಅದರಲ್ಲಿ 2 ಅಂಗುಲಕ್ಕೊಂದರಂತೆ ಬಿಗಿದ ರೇಷ್ಮೆ ದಾರ. ಆ ಚೌಕಳಿಯ ಮುಂದೆ ಮನುಷ್ಯರು ಮಾದರಿಗಳಾದರು. ಚೌಕ ದೊಡ್ಡದಾದರೆ ಆ ಕ್ರೌರ್ಯ ಬರೀ ಅಲಂಕಾರವಾಗುತ್ತದೆ. ಕ್ಯಾಮೆರಾ ಚೂರು ಓರೆಯಾದರೂ ಗೆರೆಗಳು ಒಂದರ ಕಡೆಗೊಂದು ವಾಲುತ್ತವೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

ಚಿತ್ರೀಕರಣದ ದಿನ ಮೇಕಪ್, ಸೀರೆ, ಒಡವೆಗೆ ಮೂರು ತಾಸು ಬಿಡಿ. ಅಷ್ಟರಲ್ಲಿ ನಿಮ್ಮ ಎತ್ತರದವರನ್ನು ನಿಲ್ಲಿಸಿ ಬೆಳಕು ಹೊಂದಿಸಬಹುದು. ಮೂಲಚಿತ್ರದ ಎ3 ಪ್ರಿಂಟನ್ನು ಕ್ಯಾಮೆರಾ ಪಕ್ಕಕ್ಕೆ ಅಂಟಿಸಿ, ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಲ್ಯಾಪ್‌ಟಾಪನ್ನು ನಿಂತಲ್ಲಿಂದ ಕಾಣುವಂತೆ ತಿರುಗಿಸಿಡಿ, ಇಲ್ಲದಿದ್ದರೆ ನಿಮ್ಮ ಭಂಗಿ ನಿಮಗೇ ಕಾಣದು. ಐಎಸ್‌ಒ (ಬೆಳಕಿನ ಸಂವೇದನೆ) 100, ಲೆನ್ಸಿನ ತೆರಪು ಎಫ್/8ರಿಂದ ಶುರುಮಾಡಿ. ಬೆರಳುಗಳ ಮೇಲೆ ಕಣ್ಣಿರಲಿ: ಮುಖ ಎಷ್ಟೇ ಹೊಂದಿದರೂ ಸೋತ ಕೈ ಚಿತ್ರವನ್ನು ಕೆಡಿಸುತ್ತದೆ. ಮೈಬಣ್ಣವನ್ನು ಮೂಲದಂತೆ ಬಿಳಿಚಿಸಬೇಕೆ ಎಂಬುದು ಮೇಕಪ್ ಕಲಾವಿದರ ತೀರ್ಮಾನವಲ್ಲ, ನಿಮ್ಮದು. ಉಳಿದದ್ದೆಲ್ಲ ಕರಾರುವಾಕ್ಕಾಗಿದ್ದರೆ ನೀವು ಬದಲಿಸಿದ ಆ ಒಂದೇ ಅಂಶ ಕಣ್ಣಿಗೆ ನಾಟುತ್ತದೆ.

ಗುಂಡಿ ಒತ್ತುವವರ ಜೊತೆ ಬರಹದ ಒಪ್ಪಂದ ಮೊದಲೇ ಆಗಲಿ. ಕಾಯ್ದೆ ಫೋಟೋ ತೆಗೆದವರನ್ನೇ ಅದರ ಕರ್ತೃ ಎನ್ನುತ್ತದೆ. ದುಡ್ಡು ಕೊಟ್ಟು ಮಾಡಿಸಿದ್ದಾದರೆ, ಬೇರೆ ಒಪ್ಪಂದವಿಲ್ಲದಾಗ, ಮೊದಲ ಒಡೆತನ ಮಾಡಿಸಿದವರದು. ಸ್ನೇಹಕ್ಕೆ ಬಂದು ತೆಗೆದುಕೊಟ್ಟಾಗಲೇ ಜಗಳ ಹುಟ್ಟುವುದು. ಎಷ್ಟು ಪ್ರಿಂಟ್, ಯಾರ ಹೆಸರು ಹೇಗೆ, ಮಾರಿದರೆ ಪಾಲೆಷ್ಟು ಎಂಬ ಮೂರನ್ನೂ ಬರೆಯಿರಿ. ಪರದೆ ಬರೆದವರ ಹೆಸರೂ ಸೇರಲಿ.

ಪರದೆ, ಕಿರೀಟ, ರಟ್ಟಿನ ತಾವರೆ ಯಾವುದನ್ನೂ ಎಸೆಯಬೇಡಿ. ನಾಳೆ ವಿಡಿಯೋಗೋ ವೇದಿಕೆಗೋ ಅವೇ ಬೇಕಾದಾವು. ಪರದೆಯನ್ನು ಮಡಿಸದೆ ದಪ್ಪ ಪಿವಿಸಿ ಪೈಪಿಗೆ, ಬಣ್ಣದ ಮುಖ ಹೊರಗಿರುವಂತೆ ಸುತ್ತಿ, ಹಳೆಯ ಹತ್ತಿ ಸೀರೆ ಹೊದಿಸಿ ಇಡಿ.